‘ಚಿಕನ್’ ಅಂದರೆ ಯಾವ ಕೋಳಿ? ಕೋರ್ಟ್ ಮೆಟ್ಟಿಲೇರಿದ ಒಂದು ಪದದ ಕಥೆ

1960ರ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಿಂದ ಒಂದು ತೀರ್ಪು ಹೊರಬಿತ್ತು. ಅದರ ಮೊದಲ ಸಾಲೇ ಒಂದು ಪ್ರಶ್ನೆ: ಚಿಕನ್ ಎಂದರೆ ಏನು?

ಬರೆದವರು ಹೆನ್ರಿ ಫ್ರೆಂಡ್ಲಿ. ತಮಾಷೆಯ ಮನುಷ್ಯರೇನಲ್ಲ. ಅವರು ಅಪೀಲು ಕೋರ್ಟಿನ ನ್ಯಾಯಾಧೀಶರು. ಆಗ ಕೆಳಗಿನ ಕೋರ್ಟಿನಲ್ಲಿ ಕೂತು ಈ ವಿಚಾರಣೆ ನಡೆಸಿದ್ದರು. ಅಮೆರಿಕದಲ್ಲಿ ಕಾನೂನು ಓದುವವರಿಗೆ ಒಪ್ಪಂದದ ಪಾಠದಲ್ಲಿ ಈ ಪ್ರಕರಣ ಇವತ್ತಿಗೂ ಸಿಗುತ್ತದೆ. ನನಗೆ ಇದರಲ್ಲಿ ಕಾನೂನಿಗಿಂತ ಪದದ ಕಥೆಯೇ ಜಾಸ್ತಿ ಇಷ್ಟ. ಪುಟ್ಟ ಮಗುವಿಗೂ ಗೊತ್ತಿರುವ ಒಂದು ಪದ. ಅದರ ಅರ್ಥ ಹುಡುಕಲು ಟನ್‌ಗಟ್ಟಲೆ ಮಾಂಸ, ಎರಡು ದೇಶ, ಎರಡು ಭಾಷೆ, ಅರ್ಧ ಡಜನ್ ಸಾಕ್ಷಿ ಬೇಕಾದವು.

ಕೊಂಡವರು ಫ್ರಿಗಾಲಿಮೆಂಟ್ ಎಂಬ ಸ್ವಿಟ್ಜರ್ಲೆಂಡಿನ ಆಮದು ಕಂಪನಿ. ಮಾರಿದವರು ಬಿ.ಎನ್.ಎಸ್. ಎಂಬ ನ್ಯೂಯಾರ್ಕಿನ ಕಂಪನಿ. 1957ರ ಮೇ 2ರಂದು ಇಬ್ಬರ ನಡುವೆ ಎರಡು ಒಪ್ಪಂದ ಆದವು. ಮೊದಲನೆಯದರಲ್ಲಿ ಬೇಕೆಂದು ಬರೆದದ್ದು ಇಷ್ಟು: ಅಮೆರಿಕದ ಫ್ರೋಜನ್ ಚಿಕನ್, ಎ ಗ್ರೇಡ್, ಸರ್ಕಾರಿ ತಪಾಸಣೆ ಆದದ್ದು, ಕರುಳು ತೆಗೆದದ್ದು. ಒಂದೊಂದನ್ನೂ ಬೇರೆ ಬೇರೆಯಾಗಿ ಕ್ರಯೋವ್ಯಾಕ್ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಕು. ರಫ್ತಿನ ಸಾಗಾಟ ತಾಳಿಕೊಳ್ಳುವಂಥ ಪೆಟ್ಟಿಗೆಯಲ್ಲಿ ತುಂಬಬೇಕು. ಎರಡೂವರೆಯಿಂದ ಮೂರು ಪೌಂಡ್ ತೂಗುವ ದೊಡ್ಡವು 75,000 ಪೌಂಡ್, 100 ಪೌಂಡಿಗೆ 33 ಡಾಲರ್. ಒಂದೂವರೆಯಿಂದ ಎರಡು ಪೌಂಡಿನ ಸಣ್ಣವು 25,000 ಪೌಂಡ್, 100 ಪೌಂಡಿಗೆ 36 ಡಾಲರ್ 50 ಸೆಂಟ್. ನಮ್ಮ ಲೆಕ್ಕಕ್ಕೆ ತಂದರೆ ದೊಡ್ಡ ಕೋಳಿ ಒಂದೂಕಾಲು ಕೆಜಿ ಆಸುಪಾಸು, ಒಟ್ಟು ಸುಮಾರು 34 ಟನ್. ಎರಡನೆಯ ಒಪ್ಪಂದವೂ ಹೆಚ್ಚುಕಡಿಮೆ ಇದೇ. ದೊಡ್ಡ ಕೋಳಿ ಮಾತ್ರ 50,000 ಪೌಂಡಿಗೆ ಇಳಿದಿತ್ತು, ಸಣ್ಣದರ ದರ 37 ಡಾಲರಿಗೆ ಏರಿತ್ತು.

ನೋಡಿ, ತೂಕ ಇದೆ, ದರ್ಜೆ ಇದೆ, ಪ್ಲಾಸ್ಟಿಕ್ಕಿನ ಬ್ರಾಂಡ್ ಕೂಡ ಇದೆ. ಕೋಳಿಯ ವಯಸ್ಸು ಎಲ್ಲೂ ಇಲ್ಲ.

ಮೊದಲ ಸರಕು ಸ್ವಿಟ್ಜರ್ಲೆಂಡ್ ಮುಟ್ಟಿತು. ಮೇ 28ರಂದು ಕೊಂಡವರಿಗೆ ಗೊತ್ತಾಯಿತು: ದೊಡ್ಡ ಕೋಳಿಗಳು ಎಳೆಯವಲ್ಲ. ಹುರಿಯಲು, ಸುಡಲು ಆಗುವ ಮೆತ್ತನೆಯ ಕೋಳಿ ಅಲ್ಲವೇ ಅಲ್ಲ. ಗಂಟೆಗಟ್ಟಲೆ ಬೇಯಿಸಬೇಕಾದ ಬಲಿತ ಕೋಳಿ. ಆ ದಂಧೆಯಲ್ಲಿ ಇದಕ್ಕೆ ‘ಸ್ಟ್ಯೂಯಿಂಗ್ ಚಿಕನ್’ ಎಂದೋ ‘ಫೌಲ್’ ಎಂದೋ ಹೆಸರು. ಮಾರಿದವರು ಬಚ್ಚಿಟ್ಟು ಕಳಿಸಿದ್ದಾರೆ ಅನ್ನೋಣ ಅಂದರೆ ಅದೂ ಇಲ್ಲ. ಎಷ್ಟೋ ಪೆಟ್ಟಿಗೆಗಳ ಮೇಲೆ ಹಾಗೆಂದೇ ಅಚ್ಚೊತ್ತಿತ್ತು.

ಜಗಳ ಶುರುವಾಯಿತು. ಆದರೂ ಮರುದಿನ, ಮೇ 29ಕ್ಕೆ, ಎರಡನೆಯ ಸರಕು ನ್ಯೂಯಾರ್ಕ್ ಬಿಟ್ಟಿತು. ಅದರಲ್ಲೂ ದೊಡ್ಡವೆಲ್ಲ ಬಲಿತ ಕೋಳಿಯೇ. ಅದನ್ನು ಮಾರಿದವರೇ ದಾರಿಯಲ್ಲಿ, ಯುರೋಪಿನ ರಾಟರ್‌ಡ್ಯಾಮ್ ಬಂದರಿನಲ್ಲಿ, ತಡೆದು ನಿಲ್ಲಿಸಿದರು. ಕೊಂಡವರು ಕೋರ್ಟಿಗೆ ಹೋದರು. ಹೇಳಿದ ಸರಕು ಒಂದು, ಕೊಟ್ಟ ಸರಕು ಇನ್ನೊಂದು ಎಂಬುದು ಅವರ ದೂರು.

ಇಬ್ಬರ ವಾದವೂ ಒಂದೊಂದು ಸಾಲಿನದು. ಕೊಂಡವರದು: ಚಿಕನ್ ಅಂದರೆ ಎಳೆಯ ಕೋಳಿ. ಮಾರಿದವರದು: ಹೇಳಿದ ತೂಕ, ಹೇಳಿದ ದರ್ಜೆ ಇದ್ದರೆ ಆ ಜಾತಿಯ ಯಾವ ಹಕ್ಕಿಯಾದರೂ ಚಿಕನ್ನೇ. ಫ್ರೆಂಡ್ಲಿ ನಿಘಂಟು ತೆಗೆದು ನೋಡಿದರು. ಅದರಲ್ಲಿ ಎರಡೂ ಅರ್ಥ ಇತ್ತು! ನಿಘಂಟಿನಲ್ಲಿದೆ ಎಂದು ವಾದ ಮುಗಿಸುವವರನ್ನು ಕಂಡಾಗ ನನಗೆ ಈ ಜಾಗ ನೆನಪಾಗುತ್ತದೆ. ಜನ ಒಂದು ಪದವನ್ನು ಎಷ್ಟು ಬಗೆಯಲ್ಲಿ ಬಳಸುತ್ತಾರೋ ಅಷ್ಟನ್ನೂ ನಿಘಂಟು ಬರೆದಿಟ್ಟುಕೊಳ್ಳುತ್ತದೆ. ಮೇ 2ರಂದು ಈ ಇಬ್ಬರು ಯಾವ ಅರ್ಥದಲ್ಲಿ ಬಳಸಿದರು ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು?

ಹಳೆಯದೇ ಸರಿ ಅನ್ನುವವರಿಗೆ ಇಲ್ಲಿ ಒಂದು ಮಜಾ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ ಕೋಳಿಮರಿ, ಎಳೆಯ ಕೋಳಿ ಎಂದೇ ಅರ್ಥ. ಬಲಿತವಕ್ಕೆ ಬೇರೆ ಹೆಸರುಗಳಿದ್ದವು, ನಮ್ಮ ಹುಂಜ, ಹೇಂಟೆ ಇದ್ದಂತೆ. ಮೊಟ್ಟೆ ಒಡೆಯುವ ಮುಂಚೆ ಚಿಕನ್ ಎಣಿಸಬೇಡ ಎಂಬ ಅವರ ಗಾದೆಯಲ್ಲಿ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಮೊಟ್ಟೆಯಿಂದ ಬರೋದು ಮರಿ ತಾನೆ? (ನಾವು ಅದನ್ನೇ ಕೂಸು ಹುಟ್ಟೋ ಮುಂಚೆ ಕುಲಾವಿ ಅಂತೀವಿ.) ಮುಂದೆ ಪದ ಹಿಗ್ಗುತ್ತಾ ಹೋಯಿತು, ಬಲಿತ ಕೋಳಿಯೂ ಅದರೊಳಗೆ ಬಂತು. ‘ಚಿಕ್’ ಎಂಬ ತುಂಡು ಪದವೇ ಮರಿಗೆ ಹೆಸರಾಗಿ ನಿಂತಿತು. ‘ಫೌಲ್’ ಕಥೆ ಇದರ ತಿರುವುಮುರುವು. ಒಂದು ಕಾಲಕ್ಕೆ ಆಕಾಶದಲ್ಲಿ ಹಾರುವ ಎಲ್ಲ ಹಕ್ಕಿಗೂ ಅದೇ ಹೆಸರು. ಕುಗ್ಗುತ್ತಾ ಕುಗ್ಗುತ್ತಾ ಈ ವ್ಯಾಪಾರಿಗಳ ಬಾಯಲ್ಲಿ ಬಲಿತ ಕೋಳಿಯೊಂದಕ್ಕೇ ಉಳಿಯಿತು. ‘ಮೃಗ’ ನೋಡಿ. ಸಂಸ್ಕೃತದಲ್ಲಿ ಅದು ಜಿಂಕೆಯೂ ಹೌದು, ನಮ್ಮ ಬಾಯಲ್ಲಿ ಹುಲಿ, ಚಿರತೆ ಎಲ್ಲವೂ ಮೃಗವೇ.

ಅಂದರೆ ಪದದ ಹುಟ್ಟು ನೋಡಿದರೆ ಸ್ವಿಸ್ ಕಂಪನಿಯೇ ಸರಿ. ಆದರೆ ಹುಟ್ಟಿನ ಲೆಕ್ಕದಲ್ಲಿ ಕೋಳಿ ವ್ಯಾಪಾರ ನಡೆಯುವುದಿಲ್ಲ. ತೀರ್ಪೂ ಆ ಹಾದಿ ಹಿಡಿಯಲಿಲ್ಲ.

ನನಗೆ ಅತಿ ಹೆಚ್ಚು ಹಿಡಿಸಿದ ಭಾಗ ತಂತಿಗಳದು. ಒಪ್ಪಂದಕ್ಕೆ ಮುಂಚೆ ಇಬ್ಬರ ನಡುವೆ ಓಡಾಡಿದ ತಂತಿ ಸಂದೇಶಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿದ್ದವು. ಕೋಳಿಗೆ ಮಾತ್ರ ಇಂಗ್ಲಿಷಿನ ‘ಚಿಕನ್’ ಎಂಬ ಪದ. ಯಾಕೆ ಅಂತ ಕೊಂಡವರು ವಿವರಿಸಿದರು. ಜರ್ಮನ್‌ನಲ್ಲಿ ಕೋಳಿಗೆ ‘ಹೂನ್’ ಎನ್ನುತ್ತಾರೆ. ಅದರಲ್ಲಿ ಹುರಿಯುವ ಕೋಳಿ ‘ಬ್ರಾಟ್‌ಹೂನ್’ ಕೂಡ ಬರುತ್ತದೆ, ಸೂಪಿಗೆ ಹಾಕುವ ಬಲಿತ ಕೋಳಿ ‘ಸುಪೆನ್‌ಹೂನ್’ ಕೂಡ ಬರುತ್ತದೆ. ನಮಗೆ ಎಳೆಯದು ಮಾತ್ರ ಬೇಕಿತ್ತು. ಅದಕ್ಕೇ ನಮ್ಮ ಪದ ಬಿಟ್ಟು ಬೇಕೆಂದೇ ಇಂಗ್ಲಿಷ್ ಪದ ಹಾಕಿದೆವು. ಮಾರಿದವರಿಗೂ ಜರ್ಮನ್ ಚೆನ್ನಾಗಿ ಬರುತ್ತದಲ್ಲ, ಅವರಿಗೆ ಇದು ಹೊಳೆಯಬೇಕಿತ್ತು.

ಈ ವಾದ ಓದಿದಾಗ ನಕ್ಕುಬಿಟ್ಟೆ. ನಾವೂ ಇದನ್ನೇ ತಾನೆ ಮಾಡುವುದು? ಬೆಳಿಗ್ಗೆ ಕೋಳಿ ಕೂಗಿತು ಅಂತೀವಿ, ಚಿಕನ್ ಕೂಗಿತು ಅನ್ನುವುದಿಲ್ಲ. ಅಂಗಳದಲ್ಲಿ ಓಡಾಡುವುದು ಕೋಳಿ, ತಟ್ಟೆಗೆ ಬಂದ ಮೇಲೆ ಚಿಕನ್. ಅಂಗಡಿಯಲ್ಲಿ ಅಕ್ಕಿ ಕೇಳುತ್ತೇವೆ, ಹೋಟೆಲಿನಲ್ಲಿ ರೈಸ್ ಕೇಳುತ್ತೇವೆ. ‘ಅವರು ಡ್ರಿಂಕ್ಸ್ ಮಾಡ್ತಾರೆ’ ಅಂದರೆ ನಿಂಬೆ ಪಾನಕ ಅಲ್ಲ ಅಂತ ಹಳ್ಳಿಯ ಅಜ್ಜಿಗೂ ಗೊತ್ತು. ಬೇರೆ ಭಾಷೆಯಿಂದ ಒಂದು ಪದ ತಂದರೆ ಅದರ ಪೂರ್ತಿ ಅರ್ಥ ತರುವುದಿಲ್ಲ. ನಮ್ಮಲ್ಲಿ ಯಾವ ಮೂಲೆ ಖಾಲಿ ಇದೆಯೋ ಅಷ್ಟಕ್ಕೆ ಕತ್ತರಿಸಿ ಹಾಕಿಕೊಳ್ಳುತ್ತೇವೆ. ಮನೆಯೊಳಗೆ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಆ ಕತ್ತರಿಸಿದ ಪದವನ್ನು ಅದರ ಸ್ವಂತ ಊರಿನವರಿಗೇ ವಾಪಸು ಹೇಳಿದಾಗ ತೊಂದರೆ. ಬೆಂಗಳೂರಿನಲ್ಲಿ ‘ಹೋಟೆಲ್’ ಅಂದಾಗ ಇಡ್ಲಿ ಸಿಗುತ್ತದೆ. ಲಂಡನ್ನಿನಲ್ಲಿ ಅದೇ ಪದ ಹೇಳಿದರೆ ರೂಮು ತೋರಿಸುತ್ತಾರೆ.

ಸ್ವಿಸ್ ಕಂಪನಿಯ ಈ ವಾದವನ್ನು ಮುಳುಗಿಸಿದ್ದು ಒಂದು ಚಿಕ್ಕ ಮಾತುಕತೆ. ಮಾರಾಟ ಕಂಪನಿಯವರು, ಕೊಂಡವರ ಪರವಾಗಿ ನ್ಯೂಯಾರ್ಕಿನಲ್ಲಿ ಮಾತಾಡುತ್ತಿದ್ದ ಏಜೆಂಟರನ್ನು ಯಾವ ಬಗೆಯ ಚಿಕನ್ ಬೇಕು ಎಂದು ಕೇಳಿದ್ದರಂತೆ. ಯಾವುದಾದರೂ ಆಗುತ್ತದೆ ಎಂಬ ಉತ್ತರ ಬಂತು. ಅಷ್ಟಕ್ಕೇ ಬಿಡಲಿಲ್ಲ. ತಂತಿಯಲ್ಲಿರುವುದು ‘ಹೂನ್’ ಎಂಬ ಅರ್ಥದಲ್ಲಾ ಎಂದು ಜರ್ಮನ್‌ನಲ್ಲೇ ಕೇಳಿದರು. ಹೌದು ಎಂದರು. ಇದು ಮಾರಿದವರ ಕಡೆಯವರು ಕೋರ್ಟಿನಲ್ಲಿ ಹೇಳಿದ ಮಾತು. ಕೊಂಡವರು ಇದನ್ನು ಒಪ್ಪಲಿಲ್ಲ. ಫ್ರೆಂಡ್ಲಿ ಒಪ್ಪಿದರು. ಇಂಗ್ಲಿಷ್ ಪದ ಬಳಸಿ ಕಟ್ಟಿದ್ದ ಬೇಲಿ ಅಲ್ಲಿಗೆ ಮುರಿದು ಬಿತ್ತು.

ಮುಂದಿನ ಪ್ರಯತ್ನ ದಂಧೆಯ ಮಾತಿನದು. ಜನಸಾಮಾನ್ಯರು ಏನಾದರೂ ಅನ್ನಲಿ, ಕೋಳಿ ವ್ಯಾಪಾರದಲ್ಲಿ ಚಿಕನ್ ಅಂದರೆ ಎಳೆಯದೇ ಎಂದು ಕೊಂಡವರು ಸಾಕ್ಷಿ ತಂದರು. ಇಲ್ಲಿ ಅವರಿಗೆ ಒಂದು ಅಡ್ಡಿ ಇತ್ತು. ಮಾರಿದ ಕಂಪನಿ ಕೋಳಿ ವ್ಯಾಪಾರಕ್ಕೆ ಆಗಷ್ಟೇ ಇಳಿದಿತ್ತು. ಹೊಸಬರನ್ನು ದಂಧೆಯ ಗುಪ್ತಾರ್ಥಕ್ಕೆ ಕಟ್ಟಿಹಾಕಬೇಕಾದರೆ, ಒಂದೋ ಅದು ಅವರಿಗೆ ಗೊತ್ತಿತ್ತು ಎಂದು ತೋರಿಸಬೇಕು, ಇಲ್ಲವೇ ಗೊತ್ತಿಲ್ಲ ಎನ್ನಲು ಆಗದಷ್ಟು ಅದು ಎಲ್ಲೆಲ್ಲೂ ನಡೆಯುತ್ತಿರಬೇಕು.

ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದರು. ಮೊದಲಿನವರು ಒಂದು ಸ್ವಿಸ್ ಸಹಕಾರ ಸಂಸ್ಥೆಗಾಗಿ ನ್ಯೂಯಾರ್ಕಿನಲ್ಲಿ ಖರೀದಿ ಮಾಡುವವರು. ಚಿಕನ್ ಅಂದರೆ ಖಂಡಿತ ಬ್ರಾಯ್ಲರ್ ಎಂದರು. ಸರಿ, ನೀವು ಆರ್ಡರ್ ಕೊಡುವಾಗ ಏನಂತ ಬರೆಯುತ್ತೀರಿ? ಎಳೆಯದು ಬೇಕಿದ್ದರೆ ‘ಬ್ರಾಯ್ಲರ್’, ಬಲಿತದ್ದು ಬೇಕಿದ್ದರೆ ‘ಫೌಲ್’. ಇನ್ನೊಬ್ಬರು, ಈ ಬಲಿತ ಕೋಳಿಗಳನ್ನು ಸರಬರಾಜು ಮಾಡಿದ ಕಂಪನಿಗಳಲ್ಲಿ ಒಂದರ ಅಧಿಕಾರಿ. ಚಿಕನ್ ಎಂದರೆ ಬಲಿತ ಕೋಳಿ ಅಲ್ಲ ಎಂದೇ ಅವರೂ ಹೇಳಿದರು. ಆದರೆ ಆರ್ಡರ್ ಬಂದ ದಿನ ‘ನಿಮಗೆ ಫೌಲ್ ಬೇಕಾ, ಫ್ರೈ ಮಾಡೋ ಚಿಕನ್ ಬೇಕಾ’ ಎಂದು ಕೇಳಿದ್ದವರು ಅವರೇ. ಸಾಲದ್ದಕ್ಕೆ, ಆರ್ಡರ್ ಕಾಗದದಲ್ಲಿ ‘ಚಿಕನ್’ ಅಂತಿದ್ದುದನ್ನು ‘ಸ್ಟ್ಯೂಯಿಂಗ್ ಚಿಕನ್’ ಎಂದು ತಿದ್ದಿಸಿಕೊಂಡಿದ್ದರು.

ಇಲ್ಲಿ ನನ್ನದೊಂದು ಭಾನುವಾರ ಹೇಳಲೇಬೇಕು. ಮನೆಗೆ ನೆಂಟರು ಬಂದಿದ್ದರು. ಮಾಮೂಲಿ ಅಂಗಡಿ ಮುಚ್ಚಿತ್ತು. ದಾರಿಯಲ್ಲಿ ಕಂಡ ಇನ್ನೊಂದು ಅಂಗಡಿಗೆ ಹೋಗಿ ‘ಒಂದು ಕೋಳಿ ಕೊಡಣ್ಣ’ ಅಂದೆ. ಅವನು ಪಂಜರಕ್ಕೆ ಕೈಹಾಕಿದ, ತೂಕ ಮಾಡಿದ, ಕತ್ತರಿಸಿ ಕವರಿಗೆ ಹಾಕಿದ. ಕೆಜಿಗೆ ನಾನು ಕೊಡುತ್ತಿದ್ದುದಕ್ಕಿಂತ ಕಡಿಮೆ ತಗೊಂಡ. ಖುಷಿಯಾಗಿ ಬಂದೆ. ಕುಕ್ಕರ್ ಆರು ವಿಷಲ್ ಹಾಕಿತು. ತುಂಡು ಹಾಗೇ ರಬ್ಬರಿನ ಹಾಗೆ ಕೂತಿತ್ತು. ಅಮ್ಮ ಸೌಟಿನಲ್ಲಿ ಒಂದು ತುಂಡು ಒತ್ತಿ ನೋಡಿ, ‘ಇದು ಮೊಟ್ಟೆ ಇಟ್ಟು ಮುಗಿಸಿದ ಕೋಳಿ ಕಣೋ’ ಅಂದರು. ನೆಂಟರು ಸಾರಿನಲ್ಲೇ ಮುದ್ದೆ ಮುಗಿಸಿದರು. ಮುಂದಿನ ವಾರ ಅವನ ಹತ್ತಿರ ಹೋಗಿ ಕೇಳಿದರೆ, ಚಾಕು ಒರೆಸುತ್ತಾ, ‘ಬಾಯ್ಲರ್ ಅಂದ್ರಾ ಸಾರ್? ನಾಟಿ ಅಂದ್ರಾ? ಕೋಳಿ ಅಂದ್ರಿ, ಕೊಟ್ಟೆ’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಮಾಮೂಲಿ ಅಂಗಡಿಯವರು ಪ್ರತಿ ಸಲ ‘ಯಾವ್ದು ಸಾರ್?’ ಎಂದು ಕೇಳುತ್ತಾರೆ. ಕೋಳಿ ಅಂದರೆ ಬಾಯ್ಲರ್ ಒಂದೇ ಆಗಿದ್ದರೆ ಆ ಪ್ರಶ್ನೆ ಯಾಕೆ ಬೇಕು? ಅವರು ಕೇಳುತ್ತಾರೆ ಅನ್ನೋದೇ, ಆ ಪದದೊಳಗೆ ಒಂದಕ್ಕಿಂತ ಹೆಚ್ಚು ಕೋಳಿ ಇವೆ ಅನ್ನೋದಕ್ಕೆ ಗುರುತು. ಫ್ರೆಂಡ್ಲಿ ನೋಡಿದ್ದೂ ಇದನ್ನೇ. ಸಾಕ್ಷಿಗಳ ಬಾಯಿ ಒಂದು ಹೇಳಿತು, ಅವರ ಆರ್ಡರ್ ಪುಸ್ತಕ ಇನ್ನೊಂದು ಹೇಳಿತು. ಪದದ ಅರ್ಥ ಏನು ಎಂದು ಜನರನ್ನು ನೇರ ಕೇಳಿದರೆ, ತಮಗೆ ಸರಿ ಅನಿಸಿದ್ದನ್ನು ಹೇಳುತ್ತಾರೆ. ದುಡ್ಡು ಕೈಬಿಡುವ ಹೊತ್ತಿಗೆ ಏನು ಬರೆಯುತ್ತಾರೆ ಅನ್ನೋದನ್ನು ನೋಡಬೇಕು.

ಎಲ್ಲ ಸಾಕ್ಷಿಯೂ ಹೀಗೆ ಜಾರಲಿಲ್ಲ. ಕೋಳಿ ಮಾರುಕಟ್ಟೆಯ ದಿನದಿನದ ದರ ಪ್ರಕಟಿಸುವ ಸಂಸ್ಥೆಯ ನೌಕರರೊಬ್ಬರು, ದಂಧೆಯಲ್ಲಿ ಚಿಕನ್ ಅಂದರೆ ಬ್ರಾಯ್ಲರ್ ಮತ್ತು ಫ್ರೈಯರ್ ಎಂದೇ ಹೇಳಿದರು. ಅದಕ್ಕೆ ಎದುರಾಗಿ, ನ್ಯೂಜೆರ್ಸಿಯಲ್ಲಿ ಕೋಳಿ ಶುಚಿ ಮಾಡುವ ಘಟಕ ನಡೆಸುತ್ತಿದ್ದವರು ಕೊಟ್ಟ ಉತ್ತರ ಈ ಕೇಸಿನಲ್ಲೇ ಅತಿ ಪ್ರಸಿದ್ಧ: ಹೆಬ್ಬಾತು, ಬಾತು, ಟರ್ಕಿ ಬಿಟ್ಟು ಉಳಿದದ್ದೆಲ್ಲ ಚಿಕನ್ನೇ. ಅದರಲ್ಲಿ ಯಾವುದು ಬೇಕು ಅಂತ ನೀವೇ ಬಿಡಿಸಿ ಹೇಳಬೇಕು. ನನ್ನ ಚಾಕು ಒರೆಸುವ ಅಣ್ಣನ ಮಾತೇ, ಅಲ್ವಾ?

ಇನ್ನು ಸರ್ಕಾರದ ನಿಯಮ. ಒಪ್ಪಂದದಲ್ಲಿ ಎ ಗ್ರೇಡ್, ಸರ್ಕಾರಿ ತಪಾಸಣೆ ಎಂದು ಬರೆದಿತ್ತಲ್ಲ, ಆ ತಪಾಸಣೆ ಅಮೆರಿಕದ ಕೃಷಿ ಇಲಾಖೆಯದು. ಅದರ ನಿಯಮದಲ್ಲಿ ‘ಚಿಕನ್’ ಎಂಬ ತಲೆಬರಹದ ಕೆಳಗೆ ಆರು ಬಗೆ ಇದ್ದವು. ಬ್ರಾಯ್ಲರ್ ಅಥವಾ ಫ್ರೈಯರ್ ಒಂದು, ರೋಸ್ಟರ್ ಇನ್ನೊಂದು. ಬೀಜ ತೆಗೆದ ಹುಂಜ, ಆಗಷ್ಟೇ ಬಲಿಯುತ್ತಿರುವ ಹುಂಜ, ಮುದಿ ಹುಂಜ ಇವಕ್ಕೆಲ್ಲ ಒಂದೊಂದು ಸಾಲು. ಐದನೆಯ ಸಾಲಿನಲ್ಲಿ ಹೇಂಟೆ, ಸ್ಟ್ಯೂಯಿಂಗ್ ಚಿಕನ್, ಫೌಲ್ ಮೂರೂ ಒಟ್ಟಿಗೆ. ಸರ್ಕಾರದ ಹೆಸರು ನೀವೇ ಎಳೆದು ತಂದ ಮೇಲೆ ಸರ್ಕಾರದ ಪಟ್ಟಿಯೂ ಜೊತೆಗೆ ಬಂತಲ್ಲ ಎಂದರು ಮಾರಿದವರು. ಈ ವಾದಕ್ಕೆ ತೂಕ ಇದೆ ಎಂದೇ ಫ್ರೆಂಡ್ಲಿಗೂ ಅನಿಸಿತು.

ಕೊಂಡವರ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಇತ್ತು. ಒಂದೂವರೆ ಪೌಂಡಿನ ಸಣ್ಣ ಕೋಳಿ ಎಳೆಯದೇ ಆಗಿರಬೇಕು, ಬಲಿತದ್ದು ಅಷ್ಟು ಹಗುರ ಇರುವುದಿಲ್ಲ. ಒಂದೇ ಕಾಗದದಲ್ಲಿ ಅದೇ ಪದ ದೊಡ್ಡದಕ್ಕೂ ಬಳಸಿದೆ. ಹಾಗಾದರೆ ದೊಡ್ಡದೂ ಎಳೆಯದೇ ಆಗಬೇಕಲ್ಲ? ಕೇಳಲು ಚೆನ್ನಾಗಿದೆ, ನಿಲ್ಲಲಿಲ್ಲ. ಪದ ಅಗಲವಾಗಿದ್ದರೆ ಅದರಲ್ಲಿ ಎಳೆಯದೂ ಕೂರುತ್ತದೆ, ಬಲಿತದ್ದೂ ಕೂರುತ್ತದೆ.

ದರದ ವಿಷಯಕ್ಕೆ ಬಂದಾಗ ನನ್ನ ಭಾನುವಾರ ಮತ್ತೆ ನೆನಪಾಯಿತು. ಆಗ ಮಾರುಕಟ್ಟೆಯಲ್ಲಿ ಆ ತೂಕದ ಬ್ರಾಯ್ಲರ್ ಪೌಂಡಿಗೆ 35ರಿಂದ 37 ಸೆಂಟ್. ಬಲಿತ ಕೋಳಿ 30 ಸೆಂಟ್. ಒಪ್ಪಂದದ ದರ 33 ಸೆಂಟ್. ಎಳೆಯದನ್ನೇ ಕೊಡಬೇಕಿದ್ದರೆ ಮಾರಿದವರು ಪ್ರತಿ ಪೌಂಡಿಗೂ ಎರಡರಿಂದ ನಾಲ್ಕು ಸೆಂಟ್ ಕಳೆದುಕೊಳ್ಳಬೇಕಿತ್ತು. ನಷ್ಟಕ್ಕೆ ವ್ಯಾಪಾರ ಮಾಡುತ್ತಾರೆ ಎಂದು ಕೊಂಡವರು ಅಂದುಕೊಂಡಿದ್ದರೇ? ಅದಕ್ಕೆ ಅವರ ಉತ್ತರ, 33 ಎನ್ನುವುದು 30ಕ್ಕಿಂತ 35ಕ್ಕೇ ಹತ್ತಿರ ಎಂಬುದು. ಫ್ರೆಂಡ್ಲಿ ಇದನ್ನು ಉತ್ತರ ಎಂದೇ ಎಣಿಸಲಿಲ್ಲ. 30ಕ್ಕೆ ತಂದು 33ಕ್ಕೆ ಮಾರುವವರಿಗೆ ಲಾಭ ಬೇಡವೇ? ಕಡಿಮೆ ದರಕ್ಕೆ ಖುಷಿಪಟ್ಟು ಕವರು ಹಿಡಿದು ಬಂದ ನನ್ನನ್ನೂ ಅವರು ಇದೇ ಪ್ರಶ್ನೆ ಕೇಳುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ಚಿಕನ್ ಎಂದರೆ ಇದೇ ಎಂದು ಫ್ರೆಂಡ್ಲಿ ಅಪ್ಪಣೆ ಕೊಡಿಸಲಿಲ್ಲ. ಮೊದಲ ಸಾಲಿನ ಪ್ರಶ್ನೆಗೆ ತೀರ್ಪಿನಲ್ಲಿ ಉತ್ತರವೇ ಇಲ್ಲ. ಅವರು ಹೇಳಿದ್ದು ಇಷ್ಟೇ: ಪದಕ್ಕೆ ಅಗಲವಾದ ಅರ್ಥವೂ ಇದೆ, ಕಿರಿದಾದ ಅರ್ಥವೂ ಇದೆ. ಕಿರಿದಾದ ಅರ್ಥದಲ್ಲೇ ಬಳಸಿದೆವು ಎಂದು ಸಾಧಿಸಬೇಕಾದವರು ದೂರು ತಂದವರು. ಅವರಿಂದ ಅದು ಆಗಲಿಲ್ಲ. ದೂರು ವಜಾ. ಇದೇ ಜಗಳ ತಿರುಗುಮುರುಗಾಗಿ ಬಂದಿದ್ದರೆ, ಅಂದರೆ ಮಾರಿದವರೇ ದುಡ್ಡು ಕೊಡಿಸಿ ಎಂದು ಕೋರ್ಟಿಗೆ ಹೋಗಿದ್ದರೆ, ಹೊರೆ ಅವರ ಹೆಗಲಿಗೆ ಬೀಳುತ್ತಿತ್ತೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ತೀರ್ಪಿನಲ್ಲಿ ಅವರು ಆಲಿವರ್ ವೆಂಡೆಲ್ ಹೋಮ್ಸ್ ಎಂಬ ಹಳೆಯ ನ್ಯಾಯಾಧೀಶರ ಮಾತೊಂದನ್ನು ನೆನೆಯುತ್ತಾರೆ. ಒಪ್ಪಂದಕ್ಕೆ ಇಬ್ಬರ ಮನಸ್ಸಿನಲ್ಲಿ ಒಂದೇ ಇತ್ತೇ ಎಂಬುದು ಮುಖ್ಯವಲ್ಲ, ಇಬ್ಬರೂ ಹೊರಗೆ ಒಂದೇ ಮಾತು ಹೇಳಿದರೇ ಎಂಬುದು ಮುಖ್ಯ ಎನ್ನುವುದು ಅದರ ಸಾರ. ಇದಕ್ಕೆ ಎದುರು ನಿಲ್ಲುವಂಥ ಹಳೆಯ ಪ್ರಕರಣವೂ ಒಂದಿದೆ, ನಮ್ಮ ದೇಶಕ್ಕೆ ನಂಟಿರುವಂಥದ್ದು. ಸೂರತ್ ಹತ್ತಿಯ 125 ಮೂಟೆ, ಬೊಂಬಾಯಿಂದ ‘ಪಿಯರ್‌ಲೆಸ್’ ಹಡಗಿನಲ್ಲಿ ಲಿವರ್‌ಪೂಲಿಗೆ ಬರಬೇಕು ಎಂಬ ಒಪ್ಪಂದ. ತಮಾಷೆ ಏನೆಂದರೆ ಆ ಹೆಸರಿನ ಹಡಗು ಎರಡಿದ್ದವು. ಒಂದು ಅಕ್ಟೋಬರಿನಲ್ಲಿ ಬೊಂಬಾಯಿ ಬಿಟ್ಟಿತು, ಇನ್ನೊಂದು ಡಿಸೆಂಬರಿನಲ್ಲಿ. ಕೊಂಡವರ ತಲೆಯಲ್ಲಿ ಅಕ್ಟೋಬರಿನದು, ಮಾರಿದವರ ತಲೆಯಲ್ಲಿ ಡಿಸೆಂಬರಿನದು. ಹತ್ತಿ ಡಿಸೆಂಬರಿನದರಲ್ಲಿ ಬಂತು, ಕೊಂಡವರು ಬೇಡ ಎಂದರು. 1864ರಲ್ಲಿ ಇಂಗ್ಲೆಂಡಿನ ಕೋರ್ಟು ಕೊಂಡವರ ಪರ ನಿಂತಿತು. ಹೆಸರು ಒಂದೇ, ಹಡಗು ಎರಡು. ಅಲ್ಲಿ ಒಪ್ಪಂದವೇ ಆಗಿರಲಿಲ್ಲ ಎಂದು ಆಮೇಲೆ ಎಲ್ಲರೂ ಅದನ್ನು ಓದಿದರು.

ಚಿಕನ್ ಕೂಡ ಎರಡು ಹಡಗಿನ ಹೆಸರಿನಂಥದ್ದೇ ಅಲ್ವಾ? ಮರುವರ್ಷ ಫ್ರೆಂಡ್ಲಿಗೂ ಹಾಗೆ ಅನಿಸಿತು. 1961ರಲ್ಲಿ ಬೇರೆ ಯಾವುದೋ ಪ್ರಕರಣದಲ್ಲಿ ಬರೆಯುತ್ತಾ ಅವರು ತಮ್ಮ ಕೋಳಿ ತೀರ್ಪನ್ನು ಮತ್ತೆ ಎತ್ತಿದರು. ಇಬ್ಬರೂ ಒಬ್ಬರನ್ನೊಬ್ಬರು ತಪ್ಪಾಗಿ ತಿಳಿದಿದ್ದರು, ಒಪ್ಪಂದವೇ ಕೂಡಿಬರಲಿಲ್ಲ ಎಂಬ ನೆಲೆಯಲ್ಲಿ ಅದನ್ನು ತೀರ್ಮಾನಿಸಿದ್ದರೆ ಚೆನ್ನಾಗಿರುತ್ತಿತ್ತೇನೋ ಎಂದರು. ಕಾರಣ ಬದಲಾಯಿತೇ ಹೊರತು ಫಲ ಬದಲಾಗಲಿಲ್ಲ. ಮಾರಿದವರು ನಂಬಿಕೆಯಿಂದಲೇ ಸರಕು ಸಾಗಿಸಿಬಿಟ್ಟಿದ್ದರು. ಹಾಗಾಗಿ ನಷ್ಟ ಆಗಲೂ ಬಲಿತ ಕೋಳಿ ಇಟ್ಟುಕೊಂಡು ಕೂತಿದ್ದವರ ತಲೆಗೇ ಎಂದರು.